ಅಕ್ಕನ ಗುಂಡಿಗಳು

ಬಾಲ್ಯದಲ್ಲಿ ನನ್ನನ್ನು ಸಂಸ್ಕೃತ ಪಾಠಶಾಲೆಗೆ ಕಳುಹಿಸಿದ ತಂದೆಯವರು ನನ್ನ ಅಕ್ಕನನ್ನು ದನಗಳ ಹಿಂದೆ ಕಳುಹಿಸಿದರು. ಆದುದರಿಂದ ಎಪ್ಪತ್ತು ದಾಟಿದ ಆಕೆಗೆ ಇಂದಿಗೂ ಅಕ್ಷರ ಬಾರದು. ಆದರೂ ಮೋರಟಗಿಯ ನಮ್ಮ ಮನೆಗೆ ಅಡಿಗೆಯ ಅನಿಲವನ್ನು ಟೆಲಿಫೋನಿನಿಂದ ತರಿಸುವ ಭಾರವು ಆಕೆಯದೇ ಆಗಿದ್ದಿತು. ಯಂತ್ರದೊಳಗಿನ ಸ್ತ್ರೀಧ್ವನಿಯು ಪ್ರಶ್ನಿಸಿದಂತೆ ಆಕೆ ಮೇಲಿನ ಸಾಲಿನ ನಡುವಿನ ಗುಂಡಿಯನ್ನು ಒಮ್ಮೆ, ಅದರ ಎಡದ್ದನ್ನು ಎರಡು ಸಲ ಒತ್ತುವಳು. ಅಂಕಿಗಳನ್ನು ಆಕೆ ಓದಿದವಳಲ್ಲ. ಸ್ಥಾನಗಳನ್ನು ಬಾಯಿಪಾಠ ಮಾಡಿದ್ದಳು.

ಒಂದು ತಿಂಗಳು ಸಿಲಿಂಡರು ಬರಲೇ ಇಲ್ಲ. ನಾಲ್ಕು ದಿನ ಕಟ್ಟಿಗೆಯ ಹೊಗೆಯಲ್ಲಿ ಕುಳಿತ ಅಕ್ಕ, “ತಮ್ಮಾ, ದನಿ ಬ್ಯಾರೆ ಆಗ್ಯಾದ, ಆಕಿ ಹಾದಿ ಬದಲಿ ಮಾಡ್ಯಾಳ,” ಎಂದಳು. ವಿಚಾರಿಸಲಾಗಿ, ಹಳೆಯ ಧ್ವನಿಯಂತ್ರವನ್ನು ತೆಗೆದು ಹೊಸದನ್ನು ಕೂಡಿಸಿರುವರೆಂದೂ, ಪ್ರಶ್ನೆಗಳ ಕ್ರಮವು ವ್ಯತ್ಯಾಸವಾಗಿರುವುದೆಂದೂ ತಿಳಿದುಬಂದಿತು.

ಹಳೆಯದನ್ನು ತೆಗೆಯಬಾರದೆಂದು ವಾದಿಸುವವನು ನಾನಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಯಂತ್ರವು 1986ರಲ್ಲಿ ಪ್ರಥಮತಃ ನಮ್ಮ ಕಿತ್ತೂರಿನಲ್ಲಿಯೇ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯ ಬಿಸಿಲಿನಲ್ಲಿ ದುಡಿದ ಅಂಥ ಯಂತ್ರಕ್ಕೂ ಮುಪ್ಪು ತಪ್ಪಲಿಲ್ಲ. ಹಳೆಯ ಧ್ವನಿಯಂತ್ರದಲ್ಲಿ ಪ್ರತಿಯೊಂದು ಕರೆಗೂ ಒಂದು ಮಾರ್ಗ ಮೀಸಲು. ಒಂದು ಡಿಜಿಟಲ್ ಕೊಂಡಿಯಲ್ಲಿ 30 ಕರೆಗಳು ತುಂಬಿದರೆ 31ನೆಯವನಿಗೆ ಸ್ಥಳವಿಲ್ಲ. ಈಗಿನ ಮೀಡಿಯಾ ಸರ್ವರುಗಳಲ್ಲಿ ಧ್ವನಿಯು ಸಣ್ಣ ಪೊಟ್ಟಣಗಳಾಗಿ ಸಂಚರಿಸುವುದು. ಪ್ರಶ್ನೆಗಳ ಕ್ರಮವನ್ನು ಕುಳಿತಲ್ಲಿಯೇ ತಿದ್ದಬಹುದು. ಈ ಸೌಕರ್ಯವೇ ಅಕ್ಕನಿಗೆ ಸಂಕಟವಾಯಿತು.

ಪಾಠಶಾಲೆಯಲ್ಲಿ ನಾವೂ ಮೊದಲು ಕಿವಿಯಿಂದಲೇ ಕಲಿತವರು. ಕಂಠಸ್ಥವಾದುದರ ಕ್ರಮ ಕೆಟ್ಟರೆ ವಿದ್ಯೆಯೇ ಕೆಟ್ಟಂತೆಂದು ಗುರುಗಳು ಎಚ್ಚರಿಸುತ್ತಿದ್ದರು. ಓದಬಲ್ಲವನು ಕಾಗದ ನೋಡಿ ಸರಿಪಡಿಸಿಕೊಂಡಾನು. ಕಿವಿಯೊಂದನ್ನೇ ನಂಬಿದವರಿಗೆ ಕ್ರಮವೇ ಲಿಪಿ. ಆದಕಾರಣ ಹೊಸ ಯಂತ್ರವನ್ನು ಕೂಡಿಸುವವರು ಕೆಲವು ತಿಂಗಳಾದರೂ ಹಳೆಯ ಗುಂಡಿಗೆ ಹಳೆಯ ಅರ್ಥವನ್ನೇ ಉಳಿಸಲಿ. ಮನುಷ್ಯನೊಡನೆ ಮಾತನಾಡಿಸುವ ಗುಂಡಿಯನ್ನಂತೂ ಎಂದಿಗೂ ಬದಲಿಸದಿರಲಿ.

ಆದರೆ ತಪ್ಪೆಲ್ಲವೂ ಯಂತ್ರದವರದೆಂದರೆ ಅನ್ಯಾಯವಾದೀತು. ನಾನು ಅಕ್ಕನ ಪಕ್ಕದಲ್ಲಿ ಕುಳಿತು ಹೊಸ ಹಾದಿಯನ್ನು ಹೇಳಿಕೊಟ್ಟೆನು. ಮೂರನೆಯ ಸಲಕ್ಕೆ ಆಕೆ ತಾನೇ ಒತ್ತಿದಳು, ಬಳಿಕ, “ಇದನ್ನ ಮತ್ತ ಯಾವಾಗ ಬದಲಿ ಮಾಡ್ತಾರ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪರರ ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು. ಆಕೆಯ ಕೈಗೆ ಒಂದು ಹಲಗೆಯನ್ನು ಕೊಡಬೇಕೆಂದು ಒಮ್ಮೆಯೂ ನನಗೆ ತೋರಲಿಲ್ಲವಲ್ಲ!

ಈಗ ಸಂಜೆಯ ಹೊತ್ತು ನಮ್ಮ ಪಡಸಾಲೆಯಲ್ಲಿ ಅಂಕಿಗಳ ಪಾಠ ನಡೆದಿದೆ. ಅಕ್ಕನು ಐದರವರೆಗೆ ಬಂದಿದ್ದಾಳೆ.