ತೂತು ಕೂಡಿದರೆ ಸಾಲದು

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಪಾಠ ಹೇಳಿದ ವಿಷಯವನ್ನೇ, ನಿವೃತ್ತನಾದ ಮೇಲೆ ವಿದ್ಯಾರ್ಥಿಯೊಬ್ಬನಿಂದ ಮತ್ತೆ ಕಲಿಯಬೇಕಾಗಿ ಬಂದ ಪ್ರಸಂಗವನ್ನು ಇಂದು ಬರೆದಿಡುತ್ತಿದ್ದೇನೆ. ಓದಿ ನಗುವವರು ನಗಬಹುದು. ಕಾರು ಇಟ್ಟುಕೊಂಡವರು ಮಾತ್ರ ಕೊನೆಯವರೆಗೆ ಓದಬೇಕೆಂದು ವಿನಂತಿ.

2019ರ ಮಳೆಗಾಲ. ನನ್ನ ಸಣ್ಣ ಕಾರಿನ ಉಕ್ಕಿನ ಚಕ್ರಗಳು ತುಕ್ಕು ಹಿಡಿದಿದ್ದವು. ಒಂದಂತೂ ಹಳ್ಳಕ್ಕೆ ಬಿದ್ದು ಸೊಟ್ಟಗಾಗಿತ್ತು. ಅದೇ ಸಮಯಕ್ಕೆ ಬಂಧುವೊಬ್ಬರು ಬೇರೊಂದು ಮಾದರಿಯ ಕಾರಿನಿಂದ ಬಿಚ್ಚಿದ ನಾಲ್ಕು ಅಲಾಯ್ ಚಕ್ರಗಳನ್ನು ಟೈರುಗಳ ಸಮೇತ ಅಗ್ಗಕ್ಕೆ ಕೊಡಲು ಮುಂದಾದರು. ನಾನು ಲೆಕ್ಕದ ಮೇಷ್ಟ್ರಲ್ಲವೇ, ಅಳೆಯದೆ ಕೊಳ್ಳುವೆನೇ? ಬೋಲ್ಟಿನ ತೂತುಗಳು ಎರಡರಲ್ಲೂ ನಾಲ್ಕು. ಎದುರುಬದುರು ತೂತುಗಳ ನಡುವಿನ ಅಂತರ ಎರಡರಲ್ಲೂ 100 ಮಿಲಿಮೀಟರ್. ಹಳೆಯದು 14 ಅಂಗುಲ, ಹೊಸದು 15. ಆದರೆ ಹೊಸ ಟೈರಿನ ಎತ್ತರ ಕಡಿಮೆಯಿದ್ದುದರಿಂದ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ. ಫಿಯಟ್ ಪುಂಟೋದಂಥ ಕಾರುಗಳಲ್ಲಿ ಈ ಅಂತರ 98 ಮಿಲಿಮೀಟರ್ ಇರುತ್ತದೆ, ಎರಡೇ ಮಿಲಿಮೀಟರ್ ವ್ಯತ್ಯಾಸವೆಂದು ಬಲವಂತವಾಗಿ ಬಿಗಿಯಬಾರದು ಎಂಬುದನ್ನೂ ನಾನು ಬಲ್ಲೆ. ಅರ್ಧ ಗಂಟೆಯಲ್ಲಿ ಚಕ್ರಗಳು ಕೂತವು. "ತೊಡೆ ತಟ್ಟಿ ನಿಂತ ಜಟ್ಟಿಯ ಹಾಗಿದೆ," ಎಂದಳು ನನ್ನಾಕೆ. ಅದನ್ನು ಹೊಗಳಿಕೆಯೆಂದೇ ತಿಳಿದೆ.

ಗೌರಿ ಹಬ್ಬಕ್ಕೆ ಮಗಳ ಸಂಸಾರ ಬಂದಿತ್ತು. ಚೌತಿಯ ಮರುದಿನ ಐದು ಮಂದಿ ಕಾರು ತುಂಬಿಕೊಂಡು ಕುರುಡುಮಲೆಗೆ ಹೊರಟೆವು. ದಾರಿಯ ಪ್ರತಿ ಉಬ್ಬಿನಲ್ಲೂ ಹಿಂದಿನಿಂದ 'ಸರ್' ಎಂದು ಸದ್ದು. ರಬ್ಬರಿನ ವಾಸನೆಯನ್ನು ಮೊಮ್ಮಗಳೇ ಮೊದಲು ಹೇಳಿದಳು. ಆ ಬೃಹತ್ ಗಣಪನ ಮುಂದೆ ಕೈಮುಗಿದು ನಿಂತಾಗಲೂ ನನ್ನ ಮನಸ್ಸು ಚಕ್ರದಲ್ಲೇ ಇತ್ತು. ಮರುದಿನ ಬೆಳಿಗ್ಗೆ ಅವರನ್ನೆಲ್ಲ ಬೆಂಗಳೂರಿಗೆ ಬಿಟ್ಟುಬರಬೇಕಿತ್ತು. ಗಾಳಿ ನೋಡಿಸೋಣವೆಂದು ಸಂಜೆ ಟೈರಿನ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯವನು ನನ್ನ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿದ್ದವನು. "ಇವನಿಗೆ ಲೆಕ್ಕ ಹತ್ತುವುದಿಲ್ಲ, ಯಾವುದಾದರೂ ಕೆಲಸಕ್ಕೆ ಹಾಕಿ" ಎಂದು ಅವನ ತಂದೆಗೆ ಹೇಳಿದ್ದವನು ನಾನೇ. ಅವನು ಗಾಳಿ ಹಿಡಿಯಲಿಲ್ಲ. ಮಡ್‌ಗಾರ್ಡಿನ ಅಂಚಿನೊಳಕ್ಕೆ ಕೈ ತೂರಿಸಿ ಹಿಂದಿನ ಟೈರನ್ನು ಸವರಿದ. ಹೊರಮೈಯ ಸುತ್ತಲೂ ಉಗುರು ಇಳಿಯುವಷ್ಟು ಆಳದ ಗೀರು. ಇನ್ನೊಂದು ಬದಿಯಲ್ಲೂ ಹಾಗೆಯೇ. "ಇದರಲ್ಲಿ ಹೈವೇಗೆ ಹೋಗ್ಬೇಡಿ ಸಾರ್, ನಾನು ಬಿಡಲ್ಲ" ಎಂದ.

ತೂತುಗಳೆಲ್ಲ ಸರಿಯಾಗಿವೆಯಲ್ಲ ಎಂದು ವಾದಿಸಿದೆ. ಅವನು ರಸ್ತೆಯಂಚಿನಲ್ಲಿ ನಿಂತಿದ್ದ ಟೊಮೆಟೊ ಲಾರಿಯನ್ನು ತೋರಿಸಿದ. ಮುಂದಿನ ಚಕ್ರದ ನಡುಭಾಗ ಹೊಟ್ಟೆಯಂತೆ ಹೊರಗೆ ಉಬ್ಬಿತ್ತು. ಹಿಂದಿನ ಜೋಡಿಚಕ್ರದ ಹೊರಗಿನದು ಬೋಗುಣಿಯಂತೆ ಒಳಗೆ ತಗ್ಗಿತ್ತು. "ಎರಡೂ ಒಂದೇ ಚಕ್ರ ಸಾರ್. ಮಗುಚಿ ಹಾಕಿರೋದು ಅಷ್ಟೇ." ಹೆದ್ದಾರಿಯ ಊರಿನಲ್ಲಿ ಇಷ್ಟು ವರ್ಷ ಬದುಕಿ ಎಷ್ಟು ಸಾವಿರ ಲಾರಿಗಳನ್ನು ಕಂಡಿದ್ದೇನೋ, ಇದನ್ನು ಕಂಡಿರಲಿಲ್ಲ.

ವಿಷಯ ಇಷ್ಟೆ. ಚಕ್ರದ ಅಗಲದ ನಟ್ಟನಡುವೆ ಒಂದು ರೇಖೆಯನ್ನು ಕಲ್ಪಿಸಿಕೊಳ್ಳಿ. ಬೋಲ್ಟು ಬಿಗಿಯುವ ತಟ್ಟೆಯು ಹಬ್ಬಿಗೆ ತಾಗುವ ಮೈ ಆ ರೇಖೆಯಿಂದ ಎಷ್ಟು ದೂರದಲ್ಲಿದೆಯೋ ಅದೇ ಆಫ್‌ಸೆಟ್. ಅದು ರಸ್ತೆಯ ಕಡೆಗೆ ಸರಿದಿದ್ದರೆ ಧನ, ಕಾರಿನ ಕಡೆಗೆ ಸರಿದಿದ್ದರೆ ಋಣ. ಚಕ್ರದ ಮೇಲೆ 'ಇ.ಟಿ.' ಎಂಬ ಅಕ್ಷರಗಳ ಮುಂದೆ ಕೆತ್ತಿರುವ ಸಂಖ್ಯೆ ಇದೇ. ಆ ಅಕ್ಷರಗಳು ಜರ್ಮನ್ ಪದವೊಂದರ ಸಂಕ್ಷೇಪ. ಧನಸಂಖ್ಯೆ ಹೆಚ್ಚಿದಷ್ಟೂ ಚಕ್ರ ಕಾರಿನೊಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ ಬರುತ್ತದೆ.

ಅವನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ ಲೆಕ್ಕ ಹೀಗಿತ್ತು. ಹಳೆಯ ಚಕ್ರದ ಅಗಲ 5 ಅಂಗುಲ, ಅಂದರೆ 127 ಮಿಲಿಮೀಟರ್; ಅದರ ಅರ್ಧ 63.5. ಆಫ್‌ಸೆಟ್ 45 ಕಳೆದರೆ, ಹಬ್ಬಿನಿಂದ ಹೊರಗೆ ಚಾಚುವುದು 18.5. ಹೊಸದರ ಅಗಲ 6 ಅಂಗುಲ, ಅರ್ಧ 76.2, ಆಫ್‌ಸೆಟ್ 38 ಕಳೆದರೆ 38.2. ಹಾಗಾದರೆ ಪ್ರತಿ ಚಕ್ರವೂ ಸುಮಾರು 20 ಮಿಲಿಮೀಟರ್ ಹೊರಕ್ಕೆ ಬಂದಿತ್ತು. ಒಳಗಿನ ಅಂಚಿಗೆ ಕಳೆಯುವ ಬದಲು ಕೂಡಬೇಕು: ಮೊದಲು 108.5, ಈಗ 114.2, ಅಂದರೆ ಒಳಕ್ಕೂ ಸುಮಾರು 6. ನಾನೊಬ್ಬನೇ ಓಡಿಸುವಾಗ ಅದಕ್ಕೆ ಜಾಗವಿತ್ತು. ಐದು ಮಂದಿಯ ಭಾರಕ್ಕೆ ಕಾರು ಕುಸಿದೊಡನೆ ಟೈರು ತಗಡಿಗೆ ಉಜ್ಜಿತು.

ಉಜ್ಜದಿದ್ದರೂ ತೊಂದರೆ ತಪ್ಪಿದ್ದಲ್ಲ. ನೆಲವು ಟೈರನ್ನು ಮೇಲಕ್ಕೆ ಒತ್ತುವ ಗೆರೆ 7 ಮಿಲಿಮೀಟರ್ ಹೊರಕ್ಕೆ ಸರಿದಿರುತ್ತದೆ. ಬಲ ಅಷ್ಟೇ, ದೂರ ಹೆಚ್ಚು. ಆದ್ದರಿಂದ ಬೇರಿಂಗಿನ ಮೇಲಿನ ತಿರುಚು ಬದಲಾಗುತ್ತದೆ. ಮುಂದಿನ ಚಕ್ರಗಳಲ್ಲಿ ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ ಬದಲಾಗಿ, ಹಳ್ಳ ಬಿದ್ದ ಕಡೆ ಸ್ಟೀರಿಂಗ್ ಕೈಯನ್ನು ಎಳೆಯುತ್ತದೆ. ಅದಲ್ಲದೆ ಹೊಸ ಚಕ್ರದ ನಡುವಿನ ತೂತು ನನ್ನ ಕಾರಿನ ಹಬ್ಬಿಗಿಂತ ದೊಡ್ಡದಾಗಿತ್ತು. ಚಕ್ರ ಸರಿಯಾಗಿ ಕೇಂದ್ರದಲ್ಲಿ ಕೂತಿರಲಿಲ್ಲ. 80ರ ವೇಗದಲ್ಲಿ ಕಾರು ನಡುಗುತ್ತಿದ್ದುದಕ್ಕೆ ಅದೇ ಕಾರಣವೆಂದ.

"ಬಾಗಿಲನ್ನ ಕೀಲಿನ ಹತ್ರ ತಳ್ಳಿದ್ರೆ ಯಾಕೆ ತೆರೆಯಲ್ಲ ಅಂತ ನೀವೇ ಕೇಳ್ತಿದ್ರಲ್ಲ ಸಾರ್, ಅದೇ ಇದು," ಎಂದ. ಕುಹಕವಿರಲಿಲ್ಲ; ಪಾಠ ನೆನಪಿದೆಯೆಂಬ ಸಂತೋಷವಿತ್ತು. ಪ್ರತಿವರ್ಷ ತರಗತಿಯ ಬಾಗಿಲನ್ನೇ ತಳ್ಳಿ ತೋರಿಸಿ, ಪರೀಕ್ಷೆಗೆ ಬರೆಸಿದವನು ನಾನು. ಬದುಕಿಗೆ ಒಯ್ದವನು ಅವನು.

ರಾತ್ರಿಯೇ ನನ್ನ ಹಳೆಯ ಚಕ್ರಗಳನ್ನು ತರಿಸಿ, ಸೊಟ್ಟಗಿದ್ದುದನ್ನು ಬಿಟ್ಟು ಸ್ಟೆಪ್ನಿ ಸೇರಿಸಿ ಹಾಕಿಕೊಟ್ಟ. ಮಗಳು, ಮೊಮ್ಮಗಳು ಕ್ಷೇಮವಾಗಿ ಊರು ಸೇರಿದರು. ಆ ಗೀರು ಬಿದ್ದ ಟೈರು ಹೆದ್ದಾರಿಯಲ್ಲಿ ಒಡೆದಿದ್ದರೆ ಎಂಬುದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಆದ್ದರಿಂದ ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಬೇರೆ ಕಾರಿನ ಚಕ್ರ ಹಾಕುವ ಮುನ್ನ ತೂತುಗಳ ಸಂಖ್ಯೆ, ಅಂತರಗಳ ಜೊತೆಗೆ ಅಗಲ, ಆಫ್‌ಸೆಟ್, ನಡುತೂತು ಈ ಮೂರನ್ನೂ ನೋಡಿ; ಕಾರು ತುಂಬ ಜನರನ್ನು ಕೂರಿಸಿ ಪರೀಕ್ಷಿಸಿ. ಆ ಸಂಜೆ ಹಣ ಕೊಡಲು ಹೋದಾಗ ಅವನು ತೆಗೆದುಕೊಳ್ಳಲಿಲ್ಲ. ಅವನ ತಂದೆಗೆ ಅಂದು ನಾನು ಆಡಿದ ಮಾತು ತಪ್ಪೆಂದು ಹೇಳಬೇಕೆಂದುಕೊಂಡೆ. ಅವರು ತೀರಿಹೋಗಿ ನಾಲ್ಕು ವರ್ಷವಾಯಿತೆಂದ. ಮಗನಿಗೇ ಹೇಳಿ ಬಂದೆ.