ಡೈರಿಗೆ ಹೋಗೋಕೆ ಒಂದು ಸೈಕಲ್: ನಮ್ಮನೆ ಲೆಕ್ಕ

ಹೋದ ವಾರ ಮೂರ್ನಾಲ್ಕು ಜನ ಕೇಳಿದ್ರು, "ಏನಣ್ಣ, ಅತ್ತಿಗೆ ಸೈಕಲ್ ಓಡಿಸ್ತಾವ್ರೆ, ಎಷ್ಟು ಬಿತ್ತು, ಯಾವ್ದು ತಗೊಂಡ್ರಿ?" ಅಂತ. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು, ಯಾಕೆ ಬೇಕಾಯ್ತು ಅನ್ನೋದು. ನಮ್ಮ ಮಹಿಳಾ ಡೈರಿ ಮನೆಯಿಂದ ಒಂದೂವರೆ ಕಿಲೋಮೀಟರ್, ವಿ.ಸಿ. ನಾಲೆ ಏರಿ ಮೇಲಿನ ದಾರಿ. ಎರಡು ಹಸು, ಬೆಳಿಗ್ಗೆ ಆರು ಲೀಟರ್, ಸಂಜೆ ಐದು. ಸಂಘದ ಸದಸ್ಯೆ ನಮ್ಮನೆಯವಳು, ಪಾಸ್‌ಬುಕ್ ಅವಳ ಹೆಸರಲ್ಲಿ, ಹಾಲಿನ ದುಡ್ಡೂ ಅವಳ ಖಾತೆಗೇ. ಆದ್ರೆ ಹಾಲು ಡೈರಿ ಮುಟ್ಟಬೇಕಾದ್ರೆ ನಾನೋ ಮಗನೋ ಎಕ್ಸೆಲ್ ತೆಗೀಬೇಕು. ರಾತ್ರಿ ನೀರಿನ ಸರದಿ ಬಂದು ನಾನು ಗದ್ದೇಲೇ ಉಳಿದ ದಿನ, ಅವಳು ಕ್ಯಾನ್ ಹಿಡ್ಕೊಂಡು ಬೀದೀಲಿ ನಿಂತು ಯಾರ ಗಾಡಿ ಬರುತ್ತೋ ಅಂತ ಕಾಯಬೇಕು. ಏಳೂವರೆಗೆ ಡೈರಿ ಮುಚ್ಚುತ್ತೆ. ತಿಂಗಳಲ್ಲಿ ಮೂರ್ನಾಲ್ಕು ಹೊತ್ತಿನ ಹಾಲು ಮನೇಲೇ ಉಳಿದು ಮೊಸರಾಗ್ತಿತ್ತು. ಒಂದಿನ ಅವಳೇ ಅಂದ್ಳು, "ನನ್ನ ಹಾಲು ನಾನೇ ಹಾಕಿ ಬರೋ ಹಂಗೆ ಏನಾದ್ರೂ ಮಾಡಿ. ಇನ್ನೊಬ್ಬರ ಗಾಡಿ ಕಾಯೋಕೆ ನನ್ ಕೈಲಾಗಲ್ಲ."

ವಯಸ್ಸು ನಲವತ್ತೆರಡು, ಯಾವತ್ತೂ ಸೈಕಲ್ ಹತ್ತಿದವಳಲ್ಲ. ಎಲೆಕ್ಟ್ರಿಕ್ ಸ್ಕೂಟರ್ ತಗಳ್ಳಿ ಅಂದ್ರು ಕೆಲವರು. ಮೂರು ಕಿಲೋಮೀಟರ್ ಹೋಗಿ ಬರೋಕೆ ಲಕ್ಷದ ಹತ್ತಿರ ಯಾರು ಹಾಕ್ತಾರೆ? ಸೈಕಲ್‌ಗಾದ್ರೆ ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ.

ಮುಂದೆ ಇದ್ದ ದಾರಿ ಮೂರು. ಒಂದು, ಪೇಟೆ ಅಂಗಡೀಲಿ ಹೊಸ ಲೇಡೀಸ್ ಸೈಕಲ್, 6,300 ರೂಪಾಯಿ. ಎರಡು, ಪಕ್ಕದ ಬೀದಿ ಹುಡುಗ ಮಾರೋಕೆ ಇಟ್ಟಿದ್ದ ಗೇರ್ ಸೈಕಲ್, ಮುಂದೆ ಶಾಕ್, ದಪ್ಪ ಟೈರ್, 4,000ಕ್ಕೆ ಕೊಡ್ತೀನಿ ಅಂದ. ಮೂರು, ನಮ್ಮ ಕೊಟ್ಟಿಗೆ ಗೋಡೆಗೆ ಒರಗಿಸಿದ್ದ ಮಗಳ ಸ್ಕೂಲ್ ಸೈಕಲ್. 2006-07ರಲ್ಲಿ ಶುರುವಾದ ಯೋಜನೇಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡ್ತಿತ್ತಲ್ಲ, ಅದು. ನಿಮ್ಮಲ್ಲೂ ಎಷ್ಟೋ ಮನೇಲಿ ಇರಬೇಕು, ಮೇಲೆ ಗೋಣಿಚೀಲ ಹೊದ್ಕೊಂಡು.

ಗೇರ್ ಸೈಕಲ್ ನೋಡೋಕೆ ಚೆಂದ. ಆದ್ರೆ ನಮ್ಮ ದಾರಿ ಮಟ್ಟಸ, ಏರು ಅಂದ್ರೆ ತೂಬಿನ ಹತ್ರ ಒಂದೇ ಒಂದು. ಗೇರ್‌ಗೆ ಕೆಸರು, ಹುಲ್ಲು ಸಿಕ್ಕಿದ್ರೆ ಚೈನ್ ಜಿಗಿಯುತ್ತೆ, ಅದರ ಸಾಮಾನು ನಮ್ಮೂರಿನ ಸೈಕಲ್ ಶಾಪಲ್ಲಿ ಸಿಗಲ್ಲ. ಕಮ್ಮಿ ಬೆಲೆ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ತೂಕ ಜಾಸ್ತಿ ಮಾಡುತ್ತೆ, ತುಳಿದ ಶಕ್ತಿ ಅಲ್ಲೇ ಒಂದಿಷ್ಟು ಹೋಗುತ್ತೆ. ಅದಕ್ಕೆ ಕ್ಯಾರಿಯರ್ ಇಲ್ಲ, ಮಡ್ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಸೀರೆ ಉಟ್ಟು ಹಾಲಿನ ಕ್ಯಾನ್ ಒಯ್ಯೋರಿಗೆ ಈ ಮೂರೂ ಬೇಕು. ನಮ್ಮನೆಯವಳು ಹತ್ತಿ ನೋಡಿ ಒಂದೇ ಮಾತು ಹೇಳಿದ್ಳು: "ಕಾಲು ನೆಲಕ್ಕೆ ಎಟುಕಲ್ಲ."

ಅದೇ ಮೊದಲನೇ ಪರೀಕ್ಷೆ. ಹೊಸದಾಗಿ ಕಲಿಯೋರಿಗೆ ಸೀಟ್ ಇಳಿಸಿದಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಆಗ ಬೀಳೋ ಭಯ ಅರ್ಧ ಹೋಗುತ್ತೆ. ಕಲಿತ ಮೇಲೆ ಸೀಟ್ ಏರಿಸಿ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೇರ ಆಗಬೇಕು. ಸೀಟ್ ತೀರಾ ತಗ್ಗಿದ್ರೆ ಮಂಡಿ ನೋವು ಬರುತ್ತೆ. ಓಡಿಸೋರನ್ನ ಮನೇಲಿ ಬಿಟ್ಟು ಸೈಕಲ್ ತರೋಕೆ ಹೋಗಬೇಡಿ. ಪೇಟೆ ಅಂಗಡಿಯವರು ಎಲ್ಲಾ ಮಾತು ನನ್ನ ಹತ್ರನೇ ಆಡಿದ್ರು. ಹತ್ತಿ ಕೂತು ನೋಡಿದವಳು ಅವಳು.

ಹೊಸದೂ ಅವಳಿಗೆ ಸರಿ ಹೊಂದ್ತು, ಮಗಳದ್ದೂ ಹೊಂದ್ತು. ಹಂಗಾಗಿ ಮಗಳ ಸೈಕಲ್ ರಿಪೇರಿಗೆ ಬರುತ್ತಾ ಅಂತ ನಮ್ಮೂರಿನ ಶಾಪ್‌ಗೆ ತಗೊಂಡು ಹೋದೆ. ಅಲ್ಲಿ ನೋಡಿದ್ದು ಇಷ್ಟು, ಹಳೇದು ಕೊಳ್ಳೋರಿಗೂ ಉಪಯೋಗ ಆಗುತ್ತೆ. ಹ್ಯಾಂಡಲ್ ಕೆಳಗೆ, ಪೆಡಲ್ ಮೇಲೆ, ಫ್ರೇಮ್ ಸೇರೋ ಕಡೆ ಬಿರುಕು ಇದೆಯಾ, ಆಮೇಲೆ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದಾರಾ ನೋಡಬೇಕು. ಇದ್ರೆ ಬಿಟ್ಟುಬಿಡಿ, ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ರಬ್ಬರ್ ಪಕ್ಕದಲ್ಲಿ ರಿಮ್ ಅತ್ತಿತ್ತ ಓಲಾಡಿದ್ರೆ ಕಡ್ಡಿ ಬಿಗಿ ಮಾಡಿಸಬೇಕು. ಪೆಡಲ್ ಕೋಲು ಹಿಡಿದು ಪಕ್ಕಕ್ಕೆ ಅಲುಗಾಡಿಸಿ, ಲೊಡ ಲೊಡ ಅಂದ್ರೆ ಒಳಗೆ ಬಾಲ್ಸ್ ನೋಡಬೇಕು. ಮುಂದಿನ ಹಲ್ಲಿನ ಚಕ್ರದಿಂದ ಚೈನ್ ಬೆರಳಲ್ಲಿ ಎಳೆದ್ರೆ ಹಲ್ಲು ಬಿಟ್ಟು ಮೇಲೆ ಬಂದ್ರೆ ಚೈನ್ ಸವೆದಿದೆ ಅಂತ. ಫ್ರೇಮ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬದಲಾಯಿಸಬಹುದು.

ನಮ್ಮದರ ಫ್ರೇಮ್ ಗಟ್ಟಿ ಇತ್ತು. ಖರ್ಚು ಹೀಗೆ: ಎರಡು ಟೈರ್ 760, ಎರಡು ಟ್ಯೂಬ್ 300, ಚೈನ್ 220, ಬ್ರೇಕ್ ರಬ್ಬರ್ ಮತ್ತೆ ವೈರ್ 180, ಬಾಲ್ಸ್, ಗ್ರೀಸ್, ಕೂಲಿ ಸೇರಿ 440. ಅದರ ಮೇಲೆ ಗಟ್ಟಿ ಕ್ಯಾರಿಯರ್ 500, ಎರಡು ಕಾಲಿನ ಸ್ಟ್ಯಾಂಡ್ 350. ಒಟ್ಟು 2,750. ಕೊನೇ ಎರಡಕ್ಕೆ ಜಿಪುಣತನ ಮಾಡಬೇಡಿ. ಕ್ಯಾರಿಯರ್ ಕಾಲು ಹಿಂದಿನ ಚಕ್ರದ ಅಚ್ಚಿನ ಹತ್ರ ಬೋಲ್ಟ್ ಆಗಿರಬೇಕು. ಒಂಟಿ ಸ್ಟ್ಯಾಂಡ್ ಆದ್ರೆ ಕ್ಯಾನ್ ಇಡುವಾಗಲೇ ಸೈಕಲ್ ಮಗುಚುತ್ತೆ.

ದಿನಕ್ಕೆ ಎರಡು ಸಲ ಅಂದ್ರೆ ಆರು ಕಿಲೋಮೀಟರ್, ತಿಂಗಳಿಗೆ 180. ನಮ್ಮ ಎಕ್ಸೆಲ್ ಈ ದಾರೀಲಿ ಲೀಟರ್‌ಗೆ 45 ಕೊಡುತ್ತೆ, ಅಂದ್ರೆ ನಾಲ್ಕು ಲೀಟರ್. ಪೆಟ್ರೋಲ್ ನೂರು ದಾಟಿದೆ. ಏಳು ತಿಂಗಳಲ್ಲಿ ಸೈಕಲ್ ದುಡ್ಡು ಬಂತು. ಉಳಿದ ಹಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ.

ಕಲಿತಿದ್ದು ಹನ್ನೊಂದು ದಿನ, ಬೆಳಿಗ್ಗೆ ಐದೂವರೆಗೆ, ಕಣದಲ್ಲಿ. ಜನ ನೋಡ್ತಾರೆ ಅನ್ನೋ ನಾಚಿಕೆ ಅವಳಿಗೆ. ಮೊದಲು ಪೆಡಲ್ ಬಿಟ್ಟು ಬರೀ ಕಾಲಲ್ಲಿ ತಳ್ಳಿಕೊಂಡು ಹೋಗಿದ್ದು, ಬ್ಯಾಲೆನ್ಸ್ ಸಿಕ್ಕ ಮೇಲೆ ಪೆಡಲ್. ಆಮೇಲೆ ಕ್ಯಾನಿಗೆ ನೀರು ತುಂಬಿ ಎರಡು ದಿನ. ಕ್ಯಾನ್ ಹ್ಯಾಂಡಲ್‌ಗೆ ನೇತು ಹಾಕಿದ್ರೆ ಸೈಕಲ್ ಒಂದು ಕಡೆ ಎಳೆಯುತ್ತೆ. ಕ್ಯಾರಿಯರ್ ನಡುವೆ ಇಟ್ಟು, ಹಳೇ ಟ್ಯೂಬ್ ಸೀಳಿ ಬಿಗಿಯಾಗಿ ಕಟ್ಟಬೇಕು.

ಎರಡು ಎಚ್ಚರಿಕೆ. ಮಳೇಲಿ ಸ್ಟೀಲ್ ರಿಮ್ಮಿಗೆ ಬ್ರೇಕ್ ಹಿಡಿಯೋದು ತಡ, ಅದಕ್ಕೆ ಮುಂಚೆನೇ ಹಿಡೀಬೇಕು. ಚಳಿಗಾಲದಲ್ಲಿ ಆರು ಗಂಟೆಗೆ ಇನ್ನೂ ಕತ್ತಲು, ಆ ಹೊತ್ತಲ್ಲೇ ಕಬ್ಬಿನ ಟ್ರ್ಯಾಕ್ಟರ್ ಓಡಾಟ. ಹಿಂದಿನ ಮಡ್ಗಾರ್ಡ್‌ಗೆ ಹೊಳೆಯೋ ಕೆಂಪು ಟೇಪ್ ಅಂಟಿಸಿ, ಇಪ್ಪತ್ತು ರೂಪಾಯಿ ಕೆಲಸ.

ಜೋರು ಮಳೆ ಬಂದು ಏರಿ ಕೆಸರಾದ ದಿನ ಈಗಲೂ ಎಕ್ಸೆಲ್ಲೇ ಗತಿ. ಮಿಕ್ಕ ದಿನ ಅವಳು ನನ್ನನ್ನ ಕೇಳೋದೂ ಇಲ್ಲ, ಹಾಲು ಕರೆದು, ಕ್ಯಾನ್ ಕಟ್ಟಿ ಹೊರಟೇಬಿಡ್ತಾಳೆ. ಕಳೆದ ಎರಡು ತಿಂಗಳಲ್ಲಿ ಒಂದು ಹೊತ್ತಿನ ಹಾಲೂ ತಪ್ಪಿಲ್ಲ. ಬರುವಾಗ ಅಂಗಡಿ ಸಾಮಾನು, ಹಿಂಡಿ ಚೀಟಿ ಎಲ್ಲಾ ಅವಳೇ ಮುಗಿಸಿಕೊಂಡು ಬರ್ತಾಳೆ.

ನಿಮ್ಮ ಕೊಟ್ಟಿಗೇಲೂ ಗೋಣಿಚೀಲದ ಕೆಳಗೆ ಒಂದು ಸೈಕಲ್ ಇದ್ರೆ, ಗುಜರಿಯವನಿಗೆ ಹಾಕೋ ಮುಂಚೆ ಫ್ರೇಮ್ ಒಂದ್ಸಲ ನೋಡಿ. ನಮ್ಮದನ್ನ ಓಡಿಸಿ ನೋಡಬೇಕು ಅನ್ನೋ ಹೆಣ್ಣುಮಕ್ಕಳು ಸಂಜೆ ಡೈರಿ ಹತ್ರ ಬನ್ನಿ, ಕೊಡ್ತೀನಿ ಅಂದವ್ಳೆ.