ತಡವಾಗಿ ಬಿದ್ದ ಕಾಳು

ಪ್ರಬಂಧದ ನೋಟ್‌ಬುಕ್ಕುಗಳ ಕಟ್ಟು ಕಂಡರೆ ನನಗೆ ಮೊದಲಿನಿಂದಲೂ ಹೆದರಿಕೆ. ಅರವತ್ತು ಮಕ್ಕಳ ತರಗತಿ. ಶನಿವಾರ ಮನೆಗೆ ಹೊತ್ತು ತಂದ ಕಟ್ಟು ಸೋಮವಾರ ಗಂಟು ಬಿಚ್ಚದೆಯೇ ಶಾಲೆಗೆ ಮರಳಿದ್ದೂ ಉಂಟು. "ಅದಕ್ಕೂ ಒಂದು ಬಸ್ ಪಾಸ್ ಮಾಡಿಸಿಬಿಡು" ಎಂದು ನಮ್ಮ ಮನೆಯವರು ನಗುತ್ತಿದ್ದರು.

ಒಮ್ಮೆ 'ಮಳೆಗಾಲ' ಎಂಬ ವಿಷಯ ಕೊಟ್ಟಿದ್ದೆ. ಸದಾ ಗೈಡು ನೋಡಿ ಬರೆಯುತ್ತಿದ್ದ ಹುಡುಗಿಯೊಬ್ಬಳು, ಸೋರುವ ಮನೆಯಲ್ಲಿ ಅಮ್ಮ ರಾತ್ರಿಯಿಡೀ ಪಾತ್ರೆಗಳ ಜಾಗ ಬದಲಿಸುವುದನ್ನು ಸ್ವಂತ ಮಾತಿನಲ್ಲಿ ಬರೆದಿದ್ದಳು. ನಾನು ಅದನ್ನು ಓದಿದ್ದು ಆರು ವಾರದ ಮೇಲೆ! 'ತುಂಬ ಚೆನ್ನಾಗಿದೆ' ಎಂದು ಬರೆದು ಕೊಟ್ಟೆ. ಅವಳು ನೋಡಿ, "ಯಾವುದು ಮಿಸ್?" ಎಂದಳು. ಅಷ್ಟರಲ್ಲಿ ಗೈಡಿಗೆ ಮರಳಿ ಇನ್ನೂ ಮೂರು ಪ್ರಬಂಧ ಬರೆದು ಮುಗಿಸಿದ್ದಳು.

ಬಿ.ಎಡ್.ನಲ್ಲಿ ಇಲಿ, ಪಾರಿವಾಳಗಳನ್ನು ಉರು ಹೊಡೆದು ಪಾಸಾದವಳು ನಾನು. ಆ ರಾತ್ರಿ ಮನಶ್ಶಾಸ್ತ್ರದ ಪುಸ್ತಕವನ್ನು ಮತ್ತೆ ತೆಗೆದೆ. 1948ರಲ್ಲಿ ಅಮೆರಿಕದ ಗ್ರೈಸ್ ಎಂಬವರು ಇಲಿಗಳ ಮುಂದೆ ಕಪ್ಪು, ಬಿಳುಪು ಎರಡು ದಾರಿ ಇಟ್ಟರು. ಸರಿಯಾದುದನ್ನು ಹಿಡಿದರೆ ಆಹಾರ. ಕೂಡಲೇ ಸಿಕ್ಕಾಗ ಇಲಿಗಳು ಬೇಗ ಕಲಿತವು. 5 ಸೆಕೆಂಡು ತಡವಾದರೆ ಕಲಿಕೆ ಬಹಳ ನಿಧಾನ. 10 ಸೆಕೆಂಡಾದರೆ, ಸಾವಿರಕ್ಕೂ ಹೆಚ್ಚು ಸಲ ಓಡಿಸಿದರೂ ಕೆಲವು ಕಲಿಯಲೇ ಇಲ್ಲ. ಆ ನಡುವೆ ಇಲಿ ಮೂಸುತ್ತದೆ, ಮೈ ಕೆರೆಯುತ್ತದೆ, ಅತ್ತಿತ್ತ ತಿರುಗುತ್ತದೆ. ಕೊನೆಗೆ ಕಾಳು ಬಿದ್ದಾಗ, ಅದು ಯಾವುದಕ್ಕೆ ಬಿತ್ತೆಂದು ಪಾಪ ಅದಕ್ಕೇನು ಗೊತ್ತು!

ಮಕ್ಕಳು ಇಲಿಗಳಲ್ಲ, ನಿಜ. ಅವರಿಗೆ ಮಾತಿದೆ, ಹಿಂದಿನದನ್ನು ನೆನಪಿಸಬಹುದು. ಆದರೆ ನಾನು ಅದನ್ನಾದರೂ ಮಾಡಿದೆನೇ? ಚೆನ್ನಾಗಿದೆ ಎಂದೆನೇ ಹೊರತು, ಪಾತ್ರೆಗಳ ಆ ಸಾಲನ್ನು ಬೆರಳಿಟ್ಟು ತೋರಿಸಲಿಲ್ಲ.

ಮುಂದೆ ಇನ್ನೊಂದು ಪ್ರಯೋಗದ ಬಗ್ಗೆ ಓದಿದೆ. 1979ರಲ್ಲಿ ಲೀಬರ್ಮನ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಇಲಿ ದಾರಿ ಆರಿಸಿದೊಡನೆ ಅದನ್ನು ಕೈಯಲ್ಲಿ ಎತ್ತಿ ಬೇರೆಡೆ ಬಿಡುತ್ತಿದ್ದರು. ದಾರಿ ಸರಿಯಾದರೂ ಎತ್ತುವುದೇ, ತಪ್ಪಾದರೂ ಎತ್ತುವುದೇ. ಆದ್ದರಿಂದ ಅದು ಬಹುಮಾನವಲ್ಲ. ಆಹಾರ ಸಿಗುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ. ಆದರೂ ಆ ಇಲಿಗಳು ಕಲಿತವು! ಎತ್ತಿದ ಆ ಗಳಿಗೆ, ಮಾಡಿದ ಕೆಲಸವನ್ನು ನೆನಪಿನಲ್ಲಿ ಗುರುತು ಹಾಕಿ ಇಟ್ಟಿತ್ತು ಎಂಬುದು ಅವರ ವಿವರಣೆ.

ಅಂದಿನಿಂದ ನಾನು ಮಕ್ಕಳು ಬರೆಯುವಾಗ ಕುರ್ಚಿಯಲ್ಲಿ ಕೂರುವುದಿಲ್ಲ. ಪೆನ್ಸಿಲ್ ಹಿಡಿದು ಬೆಂಚುಗಳ ನಡುವೆ ಸುತ್ತುತ್ತೇನೆ. ಸ್ವಂತದ್ದೆನಿಸಿದ ಸಾಲಿನ ಪಕ್ಕ ಒಂದು ಸಣ್ಣ ಗೀಟು ಎಳೆದು ಮುಂದೆ ಹೋಗುತ್ತೇನೆ. ಅಂಕಗಳು ಈಗಲೂ ತಡವಾಗಿಯೇ ಬರುತ್ತವೆ. ಕಟ್ಟಿನ ಬಸ್ ಪ್ರಯಾಣವೂ ನಿಂತಿಲ್ಲ. ಆದರೆ ಪುಸ್ತಕ ಕೈಗೆ ಬಂದಾಗ ಮಕ್ಕಳು ಮೊದಲು ಹುಡುಕುವುದು ಆ ಗೀಟನ್ನು.

ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದಳು. ಅಂಥದ್ದನ್ನು ಮತ್ತೆ ಬರೆಯಲಿಲ್ಲ. ಮಳೆ ಜೋರಾದ ರಾತ್ರಿ ಆ ಪಾತ್ರೆಗಳ ಸದ್ದು ನನಗೆ ಈಗಲೂ ಕೇಳಿಸುತ್ತದೆ.